ಪುಟ್ಟಿಗೆ ಓದಿ ಹೇಳು, ಅಮ್ಮ

ಸ್ಟುಟ್‌ಗಾರ್ಟ್, ಜರ್ಮನಿ
ಜುಲೈ

ಪ್ರೀತಿಯ ಅಮ್ಮನಿಗೆ, ಅಪ್ಪಯ್ಯನಿಗೆ ನಮಸ್ಕಾರಗಳು.

ನಾನು ಕ್ಷೇಮ. ತೀರ್ಥಹಳ್ಳಿಯಲ್ಲಿ ಮಳೆ ಹಿಡಿದದ್ದು ಬಿಟ್ಟಿಲ್ಲ, ತುಂಗೆ ರಾಮಮಂಟಪದವರೆಗೆ ಬಂದಿದ್ದಾಳೆ ಅಂತ ಅಪ್ಪಯ್ಯ ಫೋನಿನಲ್ಲಿ ಹೇಳಿದರು. ಅಡಿಕೆ ತೋಟಕ್ಕೆ ಎರಡನೇ ಸಲ ಕೊಳೆರೋಗದ ಔಷಧಿ ಹೊಡೆಸಲು ಮಳೆ ಹೊಳವಾಯಿತೋ ಇಲ್ಲವೋ? ನನಗೆ ಅದೇ ಚಿಂತೆ.

ಪುಟ್ಟಿ ಆಫೀಸಿನ ಕೆಲಸಕ್ಕೆ ಪುಣೆಗೆ ಹೋಗಬೇಕಂತೆ, ಜೊತೆಗೆ ಬರುವವರೆಲ್ಲ ಗಂಡಸರಂತೆ. ನೀನು ಆಗಲೇ ದೊಡ್ಡ ಸೂಟ್‌ಕೇಸನ್ನು ಅಟ್ಟದಿಂದ ಇಳಿಸಿ ಒರೆಸಿ ಇಟ್ಟಿದ್ದೀಯಂತೆ. ಅಮ್ಮ, ಅದನ್ನು ಮತ್ತೆ ಅಟ್ಟಕ್ಕೆ ಹಾಕಿಸು. ಯಾಕೆ ಅಂತ ಫೋನಿನಲ್ಲಿ ಹೇಳಿ ಮುಗಿಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ತಂಡದಲ್ಲಿ ಹೊರಗಿನ ಕಾರ್ಖಾನೆಗಳಿಗೆ ಹೋಗಿಬರುವ ಹೆಂಗಸು ನಾನೊಬ್ಬಳೇ. ಗಂಡಸರು ವಿಮಾನ ಇಳಿದವರೇ ಹೆಗಲಿಗೆ ಚೀಲ ಏರಿಸಿ ಟ್ಯಾಕ್ಸಿ ಕಡೆ ನಡೆದುಬಿಡುತ್ತಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಲಗೇಜ್ ಬೆಲ್ಟಿನ ಮುಂದೆ ನಿಂತು ಕಾಯುತ್ತಿದ್ದೆ. "ನೀವು ನಿಧಾನಕ್ಕೆ ಬನ್ನಿ, ನಾವು ಹೊರಟಿರುತ್ತೇವೆ" ಎನ್ನುತ್ತಿದ್ದರು, ಒಳ್ಳೆಯ ಮನಸ್ಸಿನಿಂದಲೇ. ಆದರೆ ನಿಜವಾದ ಮಾತುಕತೆ ನಡೆಯುವುದು ಆ ಟ್ಯಾಕ್ಸಿಯಲ್ಲೇ. ನಾಳೆ ಯಾರು ಮಾತಾಡಬೇಕು, ಯಾವ ವಿಷಯ ಎತ್ತಬಾರದು, ಬೆಲೆಯಲ್ಲಿ ಎಷ್ಟರವರೆಗೆ ಇಳಿಯಬಹುದು, ಎಲ್ಲ ಹೋಟೆಲ್ ಸೇರುವುದರೊಳಗೆ ತೀರ್ಮಾನವಾಗಿರುತ್ತೆ. ಒಂದು ಸಲ ಮಿಲಾನಿನಲ್ಲಿ ಹೀಗಾಯಿತು. ಯಂತ್ರದ ಪರೀಕ್ಷೆಯ ಲೆಕ್ಕವನ್ನೆಲ್ಲ ಮಾಡಿದ್ದು ನಾನು. ಅದನ್ನು ಗ್ರಾಹಕರ ಮುಂದೆ ವಿವರಿಸುವುದು ಬೇರೆಯವರು ಅಂತ ನನಗೆ ಗೊತ್ತಾಗಿದ್ದು ರಾತ್ರಿ ಊಟಕ್ಕೆ ಕೂತಾಗ. ನನ್ನನ್ನು ದೂರವಿಡಬೇಕೆಂದು ಯಾರೂ ಹಾಗೆ ಮಾಡಲಿಲ್ಲ, ಆ ಹೊತ್ತಿಗೆ ನಾನು ಅಲ್ಲಿರಲಿಲ್ಲ ಅಷ್ಟೆ. ಅವತ್ತಿಗೆ ಸೂಟ್‌ಕೇಸ್ ಬಿಟ್ಟೆ. ಪುಟ್ಟಿಗೆ ನಾನು ಮೊದಲು ಹೇಳಬೇಕಾದ್ದು ಇದನ್ನೇ. ಚೀಲ ಹಗುರ ಮಾಡುವುದು ಗಂಡಸರಿಗೆ ಸಮ ಅಂತ ತೋರಿಸಲಿಕ್ಕಲ್ಲ, ಮಾತು ನಡೆಯುವ ಜಾಗದಲ್ಲಿ ತಾನೂ ಇರಲಿಕ್ಕೆ.

ಗಂಡಸರಿಗೆ ಇದು ಸುಲಭ, ಅವಳು ಅವರನ್ನು ನೋಡಿ ಅಳೆದುಕೊಳ್ಳುವುದು ಬೇಡ. ಒಂದೇ ಕೋಟು ವಾರವಿಡೀ ಹಾಕಿದರೂ ಅವರನ್ನು ಯಾರೂ ಗಮನಿಸುವುದಿಲ್ಲ. ನಾವು ಎರಡನೇ ದಿನ ಅದೇ ಬಟ್ಟೆ ಹಾಕಿದರೆ ಕಣ್ಣಿಗೆ ಬೀಳುತ್ತೆ. ಅವರ ಕೋಟಿಗೆ ಒಳಗೂ ಹೊರಗೂ ಜೇಬು. ಅಂಗಡಿಯಲ್ಲಿ ನಮಗೆ ಸಿಗುವ ಕೋಟಿಗೆ ಎಷ್ಟೋ ಸಲ ಜೇಬಿನ ಗುರುತು ಮಾತ್ರ ಹೊಲಿದಿರುತ್ತೆ, ಒಳಗೆ ಕೈ ಹೋಗುವುದಿಲ್ಲ. ಹೋದ ಸಲ ಊರಿಗೆ ಬಂದಾಗ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಟೇಲರ್ ಹತ್ತಿರ ನನ್ನ ಕಪ್ಪು ಕೋಟಿಗೆ ಎರಡು ಒಳಜೇಬು ಹಾಕಿಸಿಕೊಂಡೆನಲ್ಲ, ಒಂದರಲ್ಲಿ ಪಾಸ್‌ಪೋರ್ಟ್, ಇನ್ನೊಂದರಲ್ಲಿ ಫೋನು. ಅದರಿಂದ ಪ್ರತ್ಯೇಕ ಕೈಚೀಲವೇ ತಪ್ಪಿತು. ಪುಟ್ಟಿಯೂ ಹಾಕಿಸಿಕೊಳ್ಳಲಿ.

ಬಟ್ಟೆ ವಿಷಯದಲ್ಲಿ ನನಗೆ ಕೈಹಿಡಿದದ್ದು ನಮ್ಮನೆಯ ಮಳೆಗಾಲ. ಬಚ್ಚಲ ಒಲೆಯ ಮೇಲೆ ಗಳು ಕಟ್ಟಿ ಒಗೆದದ್ದನ್ನು ಹರವುತ್ತಿದ್ದೆಯಲ್ಲ, ಯಾವ ಬಟ್ಟೆ ಬೆಳಗಾಗುವುದರೊಳಗೆ ಒಣಗುತ್ತೆ, ಯಾವುದು ಮೂರು ದಿನವಾದರೂ ತಣ್ಣಗೇ ಇರುತ್ತೆ ಅಂತ ನಿನಗೆ ಮುಟ್ಟಿದರೆ ಗೊತ್ತಾಗುತ್ತಿತ್ತು. ದಪ್ಪ ಹತ್ತಿ ಬಟ್ಟೆಗೆ ನೀನು ಬೈದುಕೊಳ್ಳುತ್ತಿದ್ದೆ, ಅಜ್ಜಿಯ ನೈಲೆಕ್ಸ್ ಸೀರೆ ಮಾತ್ರ ಹರವಿದಷ್ಟೇ ಬೇಗ ಒಣಗುತ್ತಿತ್ತು. ನಾನು ಅಂಗಡಿಯಲ್ಲಿ ಬಟ್ಟೆ ಆರಿಸುವುದು ಅದೇ ಲೆಕ್ಕದಲ್ಲಿ. ಜೀನ್ಸ್ ಬೇಡವೇ ಬೇಡ. ಗಾಢ ಬಣ್ಣದ ಎರಡು ಪ್ಯಾಂಟು, ಎರಡಕ್ಕೂ ಹೊಂದುವ ಮೂರು ಮೇಲಂಗಿ, ಒಂದು ಕೋಟು. ಮೆರಿನೋ ಉಣ್ಣೆಯ ತೆಳು ಅಂಗಿ ಇಲ್ಲಿ ಸಿಗುತ್ತೆ. ಬೆಲೆ ಜಾಸ್ತಿ, ಆದರೆ ಅದಕ್ಕೆ ಬೆವರಿನ ವಾಸನೆ ಬೇಗ ಹಿಡಿಯುವುದಿಲ್ಲ, ರಾತ್ರಿ ಗಾಳಿಗೆ ತೂಗುಹಾಕಿದರೆ ಬೆಳಿಗ್ಗೆ ಮತ್ತೆ ಹಾಕಬಹುದು. ದೀಪಾವಳಿಗೆ ಬರುವಾಗ ಅವಳಿಗೊಂದು ತರುತ್ತೇನೆ.

ರಾತ್ರಿ ರೂಮಿನಲ್ಲಿ ಒಂದು ಅಂಗಿ ಒಗೆಯುತ್ತೇನೆ. ಹಿಂಡಿದರೆ ಸುಕ್ಕು, ಹಿಂಡದಿದ್ದರೆ ಒಣಗುವುದಿಲ್ಲ. ಅದಕ್ಕೆ ಹೋಟೆಲಿನವರ ದೊಡ್ಡ ಟವೆಲನ್ನು ನೆಲಕ್ಕೆ ಹಾಸಿ, ಒದ್ದೆ ಅಂಗಿಯನ್ನು ಅದರ ಮೇಲೆ ಬಿಡಿಸಿಟ್ಟು, ಎರಡನ್ನೂ ಸೇರಿಸಿ ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿ, ಮೇಲೆ ಹತ್ತಿ ಪಾದದಿಂದ ಈ ತುದಿಯಿಂದ ಆ ತುದಿಗೆ ತುಳಿಯಬೇಕು. ಬಿಚ್ಚಿದಾಗ ಟವೆಲ್ ಭಾರವಾಗಿರುತ್ತೆ, ಅಂಗಿಯಲ್ಲಿ ಬರೀ ತಂಪು ಉಳಿದಿರುತ್ತೆ. ಆಮೇಲೆ ಭುಜ, ಕಾಲರು, ಗುಂಡಿಪಟ್ಟಿ ಕೈಯಲ್ಲಿ ಎಳೆದು ನೇರ ಮಾಡಿ ಹ್ಯಾಂಗರಿಗೆ ಹಾಕಿದರೆ ಇಸ್ತ್ರಿಯೂ ಬೇಕಾಗುವುದಿಲ್ಲ.

ರಾತ್ರಿ ಔತಣಕ್ಕೆ ರೇಷ್ಮೆ ಸೀರೆ ಇಟ್ಟುಕೋ ಅಂತ ನೀನು ಹೇಳುತ್ತೀಯ. ಸೀರೆ ಒಂದೇ ಬರುವುದಿಲ್ಲ, ರವಿಕೆ, ಲಂಗ, ಪಿನ್ನು, ಚಪ್ಪಲಿ ಎಲ್ಲ ಹಿಂದೆಯೇ ಬರುತ್ತೆ. ನಿನ್ನ ಹಳೇ ಮೈಸೂರು ಸಿಲ್ಕ್ ಸೀರೆಯ ಸೆರಗಿನಲ್ಲಿ ಮಾಡಿಸಿಕೊಂಡ ಶಾಲು ನನ್ನ ಹತ್ತಿರ ಇದೆ. ಕ್ರೇಪ್ ಆದ್ದರಿಂದ ಮಡಿಚಿಟ್ಟರೂ ಮುದುರುವುದಿಲ್ಲ. ಕಪ್ಪು ಅಂಗಿಯ ಮೇಲೆ ಆ ಜರಿ ಅಂಚು ಬಿದ್ದರೆ ಇಡೀ ಉಡುಪೇ ಬದಲಾಗುತ್ತೆ. ನನಗೆ ಅದು ಬಲು ಇಷ್ಟ.

ಇನ್ನೊಂದು ವಿಷಯ, ಅಪ್ಪಯ್ಯ ಓದಿದರೂ ಅಡ್ಡಿಯಿಲ್ಲ. ಮುಟ್ಟಿನ ದಿನ ಹತ್ತಿರವಿರಲಿ ಬಿಡಲಿ, ಪ್ಯಾಡು, ಹೊಟ್ಟೆನೋವಿನ ಮಾತ್ರೆ, ಒಂದು ಜೊತೆ ಒಳಬಟ್ಟೆ ಬೇಕೇಬೇಕು. ಅದೂ ತಲೆ ಮೇಲಿನ ಖಾನೆಗೆ ಹೋಗುವ ಚೀಲದಲ್ಲಲ್ಲ, ಕಾಲ ಬಳಿಯ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ. ಸೀಟ್ ಬೆಲ್ಟ್ ದೀಪ ಹತ್ತಿದ ಮೇಲೆ ಏಳಲಾಗುವುದಿಲ್ಲ. ಅಜ್ಜಿ ಆ ಮೂರು ದಿನ ಹೊರಗೆ ಕೂರುತ್ತಿದ್ದರು. ನಾನು ಅದೇ ದಿನಗಳಲ್ಲಿ ಕಾರ್ಖಾನೆಯಲ್ಲಿ ಹೊತ್ತು ಮುಳುಗುವವರೆಗೆ ನಿಂತು ಕೆಲಸ ಮಾಡಿದ್ದೇನೆ. ಈ ಸಾಮಾನನ್ನು ಮಾತ್ರ ಯಾರ ಚೀಲ ನೋಡಿಯೂ ಕಡಿಮೆ ಮಾಡಬಾರದು. ಜಾಗ ಸಾಲದಿದ್ದರೆ ಮೇಕಪ್ ಡಬ್ಬಿ ಹೋಗಲಿ.

ಯುರೋಪಿನಲ್ಲಿ 2006ರಿಂದ ಕೈಚೀಲದ ದ್ರವ ಪದಾರ್ಥಕ್ಕೆ 100 ಮಿಲಿಲೀಟರಿನ ಮಿತಿ ಇದೆ. ಎಲ್ಲ ಬಾಟಲಿಗಳೂ ಒಂದು ಲೀಟರಿನ ಪಾರದರ್ಶಕ ಚೀಲದೊಳಗೆ ಹಿಡಿಯಬೇಕು. ಹೊಸ ಯಂತ್ರ ಬಂದ ಕೆಲವು ನಿಲ್ದಾಣಗಳಲ್ಲಿ ಈಗ ಸಡಿಲ ಮಾಡಿದ್ದಾರೆ, ಆದರೆ ಹೋಗುವಾಗ ಬಿಟ್ಟರು ಅಂತ ಬರುವಾಗಲೂ ಬಿಡುತ್ತಾರೆ ಅಂತಿಲ್ಲ. ಶಾಂಪೂ, ಸೋಪು ಎರಡಕ್ಕೂ ನಾನು ಗಟ್ಟಿ ಬಿಲ್ಲೆಯನ್ನೇ ಇಟ್ಟುಕೊಳ್ಳುತ್ತೇನೆ. ಅಪ್ಪೆಮಿಡಿ ಉಪ್ಪಿನಕಾಯಿಯೂ ಇದೇ ಲೆಕ್ಕಕ್ಕೆ ಸೇರುತ್ತೆ, ಅದು ಮನೆಯಲ್ಲೇ ಉಳಿಯುತ್ತೆ. ಚಟ್ನಿಪುಡಿ ಮಾತ್ರ ಸಣ್ಣ ಡಬ್ಬಿಯಲ್ಲಿ ಎಲ್ಲಿಗೂ ಬರುತ್ತೆ, ನೀನು ಕಳಿಸಿದ್ದು ಇನ್ನೂ ಇದೆ.

ಇಲ್ಲಿ ರೈಲು ಬದಲಿಸಲು ಕೆಲವೇ ನಿಮಿಷ ಸಿಗುತ್ತೆ, ಲಿಫ್ಟು ಕೆಟ್ಟಿದ್ದರೆ ಮೆಟ್ಟಿಲೇ ಗತಿ. ಸಹೋದ್ಯೋಗಿಗಳು "ಕೊಡಿ, ನಾನು ಎತ್ತುತ್ತೇನೆ" ಅಂತ ಕೈಚಾಚುತ್ತಾರೆ. ಸೊಂಟ ನೋವಿದ್ದ ದಿನ ಕೊಟ್ಟಿದ್ದೇನೆ, ಅದರಲ್ಲಿ ಸಣ್ಣತನವೇನೂ ಇಲ್ಲ. ಆದರೆ ಪ್ರತಿ ಸಲ ಇನ್ನೊಬ್ಬರ ಕೈ ಕಾಯುವಷ್ಟು ಭಾರ ಇರಬಾರದು. ಲುಫ್ತಾನ್ಸಾ ವಿಮಾನದಲ್ಲಿ ಮಾಮೂಲಿ ಟಿಕೆಟಿಗೆ ಕೈಚೀಲ 8 ಕಿಲೋವರೆಗೆ, ನಮ್ಮ ದೇಶದೊಳಗೆ 7. ಪುಟ್ಟಿ ಮನೆಯಿಂದಲೇ ಹೊರಟು ಶಿವಮೊಗ್ಗದ ಸೋಗಾನೆ ನಿಲ್ದಾಣದಿಂದ ವಿಮಾನ ಹತ್ತುವುದಾದರೆ ಇನ್ನೂ ಸಣ್ಣ ಚೀಲ ವಾಸಿ. ಅಲ್ಲಿಗೆ ಬರುವ ಸಣ್ಣ ಎಟಿಆರ್ ವಿಮಾನದಲ್ಲಿ ತಲೆ ಮೇಲಿನ ಖಾನೆ ಕಿರಿದು, ಗಟ್ಟಿ ಪೆಟ್ಟಿಗೆಗಿಂತ ಮೆತ್ತನೆ ಬಟ್ಟೆಯ ಬ್ಯಾಗು ಸಲೀಸಾಗಿ ಕೂರುತ್ತೆ.

ಅವಳು ಎಲ್ಲ ತುಂಬಿದ ಮೇಲೆ ಅಪ್ಪಯ್ಯ ಅಡಿಕೆ ತೂಗುವ ತಕ್ಕಡಿಯಲ್ಲಿ ಚೀಲ ಇಟ್ಟು ನೋಡಲಿ. ಆರು ಕಿಲೋ ದಾಟಿದರೆ ಒಂದೊಂದೇ ತೆಗೆಸು. ಕೊನೆ ಗಳಿಗೆಯಲ್ಲಿ ನೀನು ಕೋಡುಬಳೆ ತುರುಕುತ್ತೀಯ ಅಂತ ಗೊತ್ತು, ಅದಕ್ಕೊಂದು ಕಿಲೋ ಬಿಟ್ಟಿದ್ದೇನೆ. ಎಷ್ಟು ತೂಗಿತು ಅಂತ ಭಾನುವಾರ ಫೋನಿನಲ್ಲಿ ಹೇಳು.

ಇಂತಿ ನಿನ್ನ ಪ್ರೀತಿಯ
ದೊಡ್ಡ ಮಗಳು