ಗುರು ನಾನಕರು ‘ಅವತಾರ ಪುರುಷ’ರಲ್ಲ

ಮಾನ್ಯ ಸಂಪಾದಕರೇ,

ಕಾರ್ತಿಕ ಹುಣ್ಣಿಮೆಯ ನಾನಕ ಜಯಂತಿ ಬಂತೆಂದರೆ ನಮ್ಮ ಪತ್ರಿಕೆಗಳಲ್ಲಿ ಗುರು ನಾನಕರ ಮೇಲೊಂದು ಬರಹ ಖಾಯಂ. ‘ಸಿಖ್ಖರ ಆರಾಧ್ಯ ದೈವ’, ‘ಅವತಾರ ಪುರುಷ’ ಎಂಬ ಮಾತುಗಳೂ ಅಷ್ಟೇ ಖಾಯಂ. ಗೌರವದಿಂದ ಬರೆದದ್ದೇ, ಅನುಮಾನವಿಲ್ಲ. ಆದರೆ ಸಿಖ್ ನಂಬಿಕೆಯಲ್ಲಿ ಯಾವ ಮಾತು ಆಡಬಾರದೋ ಅದನ್ನೇ ಆಡಿದಂತಾಗುತ್ತದೆ.

ಎಡವಟ್ಟಾಗುವುದು ಪದಗಳು ಪರಿಚಿತವಾಗಿರುವುದರಿಂದ. ಸಿಖ್ಖರ ಪವಿತ್ರ ಗ್ರಂಥ ಗುರು ಗ್ರಂಥ ಸಾಹಿಬ್ ಶುರುವಾಗುವುದು ಮೂಲಮಂತ್ರದಿಂದ: ಇಕ್ ಓಅಂಕಾರ್, ಸತ್ ನಾಮ್, ಕರ್ತಾ ಪುರಖ್, ನಿರ್ಭೌ, ನಿರ್ವೈರ್, ಅಕಾಲ್ ಮೂರತ್, ಅಜೂನಿ, ಸೈಭಂ, ಗುರ್ ಪ್ರಸಾದ್. ಕನ್ನಡ ಕಿವಿಗೆ ಎಲ್ಲವೂ ತಿಳಿದಂತೆಯೇ ಅನಿಸುತ್ತದೆ. ಮೊದಲನೆಯದನ್ನೇ ನೋಡಿ. ಗುರುಮುಖಿ ಲಿಪಿಯಲ್ಲಿ ಅದು 1 ಎಂಬ ಅಂಕಿಯಿಂದ ಆರಂಭ; ಅಂಕಿ ಬಿಟ್ಟು ಬರೀ ‘ಓಂ’ ಅಚ್ಚು ಹಾಕಿದರೆ ದೇವರು ಒಬ್ಬನೇ ಎಂಬ ಮುಖ್ಯ ಮಾತೇ ಬಿಟ್ಟುಹೋಯಿತು. ‘ಅಕಾಲ್’ ನಮ್ಮ ಅಕಾಲ ಮಳೆಯ ಅಕಾಲವಲ್ಲ, ಕಾಲದ ಕೈಗೆ ಸಿಗದ್ದು. ಪಕ್ಕದ ‘ಮೂರತ್’ ಗುಡಿಯ ಮೂರ್ತಿಯೂ ಅಲ್ಲ. ‘ಸೈಭಂ’ ಸ್ವಯಂಭೂ ಹೌದು. ನೆಲದಿಂದ ಎದ್ದ ಉದ್ಭವಲಿಂಗದ ಅರ್ಥದಲ್ಲಲ್ಲ, ತಾನಿರಲು ಇನ್ನೊಂದರ ಹಂಗಿಲ್ಲದ್ದು ಎಂಬರ್ಥದಲ್ಲಿ. ಹೆಚ್ಚು ದಾರಿ ತಪ್ಪಿಸುವುದು ‘ಅಜೂನಿ’. ಅಯೋನಿಜ ಎಂದೊಡನೆ ನಮಗೆ ನೇಗಿಲ ಗೆರೆಯಲ್ಲಿ ಸಿಕ್ಕ ಸೀತೆ, ಯಜ್ಞಕುಂಡದಿಂದ ಎದ್ದ ದ್ರೌಪದಿ ನೆನಪಾಗುತ್ತಾರೆ. ಇಲ್ಲಿ ಹೇಳುತ್ತಿರುವುದು ಎಲ್ಲಿಂದ ಹುಟ್ಟಿದ ಎಂದಲ್ಲ, ಹುಟ್ಟುವುದೇ ಇಲ್ಲ ಎಂದು. ಹುಟ್ಟದವನಿಗೆ ಅವತಾರವೆಲ್ಲಿಯದು? ಗ್ರಂಥದುದ್ದಕ್ಕೂ ರಾಮ, ಹರಿ, ಅಲ್ಲಾಹ್ ಎಂಬ ಹೆಸರುಗಳು ಬರುತ್ತವೆ, ಎಲ್ಲವೂ ಆ ಒಬ್ಬನನ್ನೇ ಕೂಗುವ ಹೆಸರು. ಹತ್ತನೆಯ ಗುರು ಗೋಬಿಂದ್ ಸಿಂಗರ ಹೆಸರಿನಲ್ಲಿರುವ ದಶಮ ಗ್ರಂಥದಲ್ಲಂತೂ, ‘ನನ್ನನ್ನು ಪರಮೇಶ್ವರ ಎಂದವರು ನರಕಕ್ಕೆ ಬೀಳುತ್ತಾರೆ’ ಎಂಬ ಖಡಕ್ ಮಾತೇ ಇದೆ.

ಹಾಗಾದರೆ ಗುರುಗಳು ಯಾರು? ನಮ್ಮ ಕಡೆ ಗುರು ಎಂದರೆ ಮಠ, ಮಠ ಎಂದರೆ ಪೀಠ. ಅಲ್ಲಿಯ ಕಲ್ಪನೆ ಬೇರೆ: ದೀಪದಿಂದ ದೀಪ ಹೊತ್ತಿಸಿದಂತೆ ಒಂದೇ ಜ್ಯೋತಿ ಹತ್ತು ದೇಹಗಳಲ್ಲಿ ಬೆಳಗಿತು, ದೇವರತ್ತ ಕರೆದೊಯ್ಯುವುದು ಗುರುವಿನ ಶಬ್ದ, ದೇಹವಲ್ಲ. ನಾನಕರಿಗೆ ಇಬ್ಬರು ಗಂಡುಮಕ್ಕಳಿದ್ದರೂ ಗುರುಪಟ್ಟ ಹೋದದ್ದು ಶಿಷ್ಯ ಲೆಹಣಾಗೆ, ಅಂದರೆ ಗುರು ಅಂಗದರಿಗೆ. ಮೂರನೆಯ ಗುರು ಅಮರದಾಸರು ಎರಡನೆಯವರಿಗಿಂತ 25 ವರ್ಷ ಹಿರಿಯರು!

ಇದರ ಗುರುತು ಗ್ರಂಥದ ಪುಟದಲ್ಲೇ ಇದೆ. ಅದರಲ್ಲಿ ಆರು ಗುರುಗಳ ರಚನೆಗಳಿವೆ, ಮೊದಲ ಐವರದು ಮತ್ತು ಒಂಬತ್ತನೆಯವರದು. ಆರೂ ಜನರ ಅಂಕಿತ ‘ನಾನಕ್’. ನಮ್ಮ ವಚನಕಾರರಲ್ಲಿ ಅಂಕಿತ ಇಷ್ಟದೈವದ್ದು, ಬಸವಣ್ಣನಿಗೆ ಕೂಡಲಸಂಗಮದೇವ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ. ಅಲ್ಲಿ ಅಂಕಿತ ಗುರುವಿನದು, ಆದರೆ ಆರು ಜನಕ್ಕೂ ಒಂದೇ. ಯಾರ ರಚನೆ ಎಂದು ತಿಳಿಯಲು ತಲೆಬರಹದ ‘ಮಹಲಾ’ ಸಂಖ್ಯೆ ನೋಡಬೇಕು: 1 ಇದ್ದರೆ ನಾನಕ್, 5 ಇದ್ದರೆ ಅರ್ಜನ್ ದೇವ್, 9 ಇದ್ದರೆ ತೇಗ್ ಬಹಾದುರ್. ಇದನ್ನು ನೋಡದೆ ಐದನೆಯ ಗುರುವಿನ ‘ಸುಖಮನಿ’ಯ ಸಾಲು ಎತ್ತಿ ‘ಗುರು ನಾನಕರ ವಾಣಿ’ ಎಂದು ಚೌಕಟ್ಟು ಕಟ್ಟುವುದುಂಟು. ಕಬೀರ, ರವಿದಾಸ, ಮರಾಠಿ ನೆಲದ ನಾಮದೇವ, ಸೂಫಿ ಫರೀದರ ಪದಗಳೂ ಅಲ್ಲಿವೆ. ಅವು ಅವರವರ ಹೆಸರಿನಲ್ಲೇ ಇವೆ.

‘ಈಗಿನ ಗುರು ಯಾರು?’ ಎಂಬ ಪ್ರಶ್ನೆಗೆ ಉತ್ತರ ಇದೇ ಗ್ರಂಥ, 1430 ಪುಟ. 1708ರಲ್ಲಿ ಮಹಾರಾಷ್ಟ್ರದ ನಾಂದೇಡದಲ್ಲಿ ಗುರು ಗೋಬಿಂದ್ ಸಿಂಗರು ಪಟ್ಟವನ್ನು ಮನುಷ್ಯರಿಗೆ ಕೊಡದೆ ಇದಕ್ಕೆ ಒಪ್ಪಿಸಿದರು. ಬೆಳಗಿನ ಜಾವ ಮೇಲ್ಕಟ್ಟಿನಡಿ ತೆರೆದಿಟ್ಟು ಚಾಮರ ಬೀಸುತ್ತಾರೆ, ಅದು ಪ್ರಕಾಶ್. ರಾತ್ರಿ ರುಮಾಲೆಯಲ್ಲಿ ಸುತ್ತಿ ತಲೆಯ ಮೇಲೆ ಹೊತ್ತು ಕೋಣೆಗೆ ಒಯ್ಯುತ್ತಾರೆ, ಅದು ಸುಖಾಸನ್. ಮೇಲುಕೋಟೆಯ ಉತ್ಸವಮೂರ್ತಿಯ ಉಪಚಾರ ಕಂಡ ಕಣ್ಣಿಗೆ ಇದೂ ವಿಗ್ರಹಾರಾಧನೆ ಎನಿಸಿದರೆ ಆಶ್ಚರ್ಯವಿಲ್ಲ. ಇಲ್ಲಿ ಉಪಚಾರ ಇರುವುದು ಆಳುವ ಗುರುವಿಗೆ, ದೇವರಿಗಲ್ಲ. ಹಣ್ಣುಕಾಯಿ ಕೊಂಡೊಯ್ದರೆ ಮಾಡಿಸಿಕೊಡಲು ಅರ್ಚಕರಿಲ್ಲ. ಗ್ರಂಥಿ ಎಂದರೆ ಗ್ರಂಥ ಓದುವವರು, ನೋಡಿಕೊಳ್ಳುವವರು. ದೀಪ ಬೆಳಗುವ ಆರತಿ, ಗಂಟೆ, ನೈವೇದ್ಯ ಸಿಖ್ಖರ ನಡಾವಳಿಯ ಕಟ್ಟಳೆಯಾದ ರೆಹತ್ ಮರ್ಯಾದೆಯ ಪ್ರಕಾರ ಸಲ್ಲದು (ನಾಂದೇಡದಂಥ ಕೆಲವೆಡೆ ಆರತಿಯ ಹಳೇ ಪದ್ಧತಿ ಉಳಿದಿದೆ). ದಿನದ ಆಜ್ಞೆ, ಅಂದರೆ ಹುಕಮ್, ಪಡೆಯುವುದು ಓದಿಯೇ: ಗ್ರಂಥವನ್ನು ತೆರೆದಾಗ ಎಡಪುಟದ ನೆತ್ತಿಯಲ್ಲಿ ಬಂದ ಪದವನ್ನು ಓದಬೇಕು. ಅದು ಹಿಂದಿನ ಪುಟದಲ್ಲೇ ಶುರುವಾಗಿದ್ದರೆ ಹಾಳೆ ಹಿಂದಕ್ಕೆ ತಿರುವಿ ಮೊದಲಿನಿಂದ, ‘ನಾನಕ್’ ಅಂಕಿತದ ಸಾಲಿನವರೆಗೆ. ಅರ್ಧದಿಂದ ಓದುವಂತಿಲ್ಲ.

ಇನ್ನೊಂದು ಸಂಗತಿ. 1699ರ ವೈಶಾಖಿಯಂದು ಪಂಜಾಬಿನ ಆನಂದಪುರದಲ್ಲಿ ಗುರು ಗೋಬಿಂದ್ ಸಿಂಗರು ಕಬ್ಬಿಣದ ಪಾತ್ರೆಯಲ್ಲಿ ಬತ್ತಾಸು ಬೆರೆತ ನೀರನ್ನು ಇಬ್ಬಾಯಿ ಖಡ್ಗದಿಂದ ಕಲಕಿ ಐವರಿಗೆ ದೀಕ್ಷೆಯ ಅಮೃತ ಕೊಟ್ಟರು. ಆಮೇಲೆ ಆ ಐವರ ಮುಂದೆಯೇ ಕೈಯೊಡ್ಡಿ ತಾವೂ ಪಡೆದರು. ಗುರುವೇ ಶಿಷ್ಯನಾದದ್ದು ಹಾಗೆ. ಐವರಲ್ಲೊಬ್ಬರು ಭಾಯಿ ಸಾಹಿಬ್ ಸಿಂಗ್, ಬೀದರಿನ ಕ್ಷೌರಿಕರ ಮನೆಯವರು. ಮುಂದಿನ ಹುಣ್ಣಿಮೆಗೆ ‘ಅವತಾರ’ ತೆಗೆದ ಜಾಗದಲ್ಲಿ ಈ ನಾಲ್ಕು ಸಾಲು ಹಿಡಿಸುತ್ತದೆ.

– ಓದುಗ, ಸರಸ್ವತೀಪುರಂ, ಮೈಸೂರು