ಡಿಟಿಪಿ ಅಂಗಡಿಯ ಆ ಅಣ್ಣನಿಗೆ

ಮ್ಯೂನಿಕ್‌ನಲ್ಲಿ ಕಳೆದ ದಿನಗಳನ್ನು ಪುಸ್ತಕ ಮಾಡಲು ಹೊರಟಿದ್ದೆ. ಯೂನಿಕೋಡ್‌ನಲ್ಲಿ ಬರೆದದ್ದು ಬೆಂಗಳೂರಿನಲ್ಲಿ ಅಚ್ಚಿಗಾಗಿ ‘ನುಡಿ’ ಫಾಂಟ್‌ಗೆ ಬದಲಾಗುವಾಗ 42 ಪುಟಗಳ ಒತ್ತಕ್ಷರ, ಅರ್ಕಾವತ್ತು ಎಲ್ಲಾ ಚೆಲ್ಲಾಪಿಲ್ಲಿ. ಮರುದಿನವೇ ಅಚ್ಚಿಗೆ ಹೋಗಬೇಕು!

ಅಲ್ಲಿಯ ರಾತ್ರಿ ಹತ್ತಕ್ಕೆ, ಪುಟ ಜೋಡಿಸುತ್ತಿದ್ದ ಡಿಟಿಪಿ ಅಂಗಡಿಯಿಂದ ಫೋನ್. ಚಳಿಗಾಲ, ಮ್ಯೂನಿಕ್‌ನಲ್ಲಿ ನನಗಿನ್ನೂ ಸಂಜೆ ಐದೂವರೆ. “ಮೇಡಂ, ನಾನು ಓದ್ತಾ ಹೋಗ್ತೀನಿ, ತಪ್ಪಿದ್ರೆ ತಡೀರಿ.” ಅಮ್ಮನ ಕೊನೆಗಳಿಗೆಗೆ ನಾನು ಊರು ತಲುಪದ ಅಧ್ಯಾಯ ಬಂದಾಗ ಅವರೇ ನಿಂತರು. “ನೀರು ಕುಡ್ದು ಬನ್ನಿ, ಲೈನಲ್ಲೇ ಇರ್ತೀನಿ.” ಆಮೇಲೆ ಮೆಲ್ಲಗೆ, “ಪಕ್ಕದ್ಮನೆಯವರ ನಿಜವಾದ ಹೆಸರೇ ಇದೆಯಲ್ಲ, ಇರ್ಲಾ?” ನನಗೆ ಹೊಳೆದೇ ಇರಲಿಲ್ಲ. ಬದಲಿಸಿದೆವು.

ಮುಗಿದಾಗ ಅಲ್ಲಿ ಒಂದೂವರೆ. ಫೋನಿಡುವಾಗ ಅಂಗಡಿಯ ಶಟರ್ ಎಳೆದ ಸದ್ದು ಕೇಳಿಸಿತು. ಹೆಸರು ಕೇಳುವುದೇ ಮರೆತಿದ್ದೆ. ಅಣ್ಣಾ, ಪುಸ್ತಕ ಬಂದಿದೆ. ಒತ್ತುಗಳೆಲ್ಲ ಜಾಗದಲ್ಲೇ ಇವೆ.