ಮೂರನೇ ತರಗತಿಯಲ್ಲೇ ಗುರುತಿಸಿ: ಮೈಸೂರು ಡಿಡಿಪಿಐ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರೇ,

ನಮಸ್ಕಾರ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಾಗ ಕೆಲವು ತಂದೆತಾಯಿಗಳು ಕಲಿಕಾ ನ್ಯೂನತೆಯ (ಬುದ್ಧಿ ಚುರುಕಿದ್ದರೂ ಓದು, ಬರಹ, ಲೆಕ್ಕ ಹತ್ತದ ತೊಡಕಿನ) ಪ್ರಮಾಣಪತ್ರಕ್ಕೆ ಓಡಾಡುವುದನ್ನು ನೀವೂ ನೋಡಿರುತ್ತೀರಿ. ಅದರಿಂದ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಸಿಕ್ಕರೆ ಒಳ್ಳೆಯದೇ. ಆದರೆ ಆ ಮಕ್ಕಳ ತೊಡಕು ಹತ್ತನೇ ತರಗತಿಯಲ್ಲಿ ಹುಟ್ಟಿದ್ದಲ್ಲ.

ನನ್ನ ತರಗತಿಯಲ್ಲೊಬ್ಬ ಹುಡುಗನಿದ್ದ. ಅಪ್ಪನ ಜೊತೆ ಸಂತೆಯಲ್ಲಿ ಟೊಮೆಟೊ ಮಾರುವಾಗ ಚಿಲ್ಲರೆ ಲೆಕ್ಕವನ್ನು ಬಾಯಲ್ಲೇ ಮುಗಿಸುತ್ತಿದ್ದ. ಕೇಳಿದ ಕಥೆಯನ್ನು ಒಂದು ಮಾತೂ ಬಿಡದೆ ಒಪ್ಪಿಸುತ್ತಿದ್ದ. ಪುಸ್ತಕ ಕೊಟ್ಟರೆ ಮಾತ್ರ ‘ಕಬ್ಬು’ ‘ಕಬು’ ಆಗುತ್ತಿತ್ತು, ‘ಅಜ್ಜಿ’ ‘ಅಜಿ’. 17 ಬರೆ ಎಂದರೆ 71. ಬೋರ್ಡಿನಿಂದ ಒಂದು ಪದ ಇಳಿಸಿಕೊಳ್ಳಲು ಅಕ್ಷರಕ್ಕೊಮ್ಮೆ ತಲೆ ಎತ್ತುತ್ತಿದ್ದ, ಬರೆದದ್ದನ್ನು ಹಾಳೆ ಹರಿಯುವವರೆಗೆ ಅಳಿಸುತ್ತಿದ್ದ. ಬಾಯಿಗೂ ಬರಹಕ್ಕೂ ಇಷ್ಟು ದೂರವಿದ್ದು, ತಿಂಗಳುಗಟ್ಟಲೆ ತಿದ್ದಿಸಿದರೂ ಅದು ಕಡಿಮೆಯಾಗದಿದ್ದರೆ ಮೇಷ್ಟ್ರು ಎಚ್ಚೆತ್ತುಕೊಳ್ಳಬೇಕು.

ಹಾಗಂತ ತಡವರಿಸುವ ಮಕ್ಕಳಿಗೆಲ್ಲ ಹಣೆಪಟ್ಟಿ ಕಟ್ಟುವುದು ಬೇಡ. ಮೊದಲು ಕಣ್ಣು, ಕಿವಿ ತಪಾಸಣೆಯಾಗಲಿ. ಹೆಗ್ಗಡದೇವನಕೋಟೆಯ ಹಾಡಿಗಳಿಂದ ಬರುವ ಜೇನುಕುರುಬ ಮಕ್ಕಳ ಮನೆಮಾತೇ ಬೇರೆ. ಪಠ್ಯದ ಕನ್ನಡ ಅವರಿಗೆ ತಡವಾಗಿ ಒಗ್ಗಿದರೆ ಅದು ನ್ಯೂನತೆಯಲ್ಲ. ಶಿಕ್ಷಕರು ಅನುಮಾನವನ್ನು ದಾಖಲಿಸಿದರೆ ಸಾಕು, ನಿರ್ಧರಿಸುವುದು ತಜ್ಞರ ಕೆಲಸ.

ದಾಖಲೆಗೆ ಹೊಸ ರಿಜಿಸ್ಟರ್ ಮಾತ್ರ ಬೇಡ, ದಮ್ಮಯ್ಯ! ಇರುವುದನ್ನು ತುಂಬಿಸುವಷ್ಟರಲ್ಲೇ ಸಂಜೆಯಾಗುತ್ತದೆ. 1995ರಲ್ಲಿ ನಮ್ಮ ಕೋಟೆ ತಾಲ್ಲೂಕಿನಲ್ಲೇ ಶುರುವಾದ, ಚಿಕ್ಕ ತರಗತಿಗಳಿಗೆ ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಪದ್ಧತಿ ಇದೆಯಲ್ಲ, ಅದರಲ್ಲಿ ಪಾಠವನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಲಿಕಾ ಏಣಿಯಲ್ಲಿ ಪ್ರತಿ ಮಗು ಯಾವ ಮೈಲಿಗಲ್ಲಿನಲ್ಲಿದೆ ಎಂಬುದು ಗೊತ್ತಾಗುತ್ತದೆ. ಸಹಪಾಠಿಗಳೆಲ್ಲ ದಾಟಿದ ಮೆಟ್ಟಿಲಲ್ಲೇ ಒಂದು ಮಗು ವರ್ಷಗಟ್ಟಲೆ ನಿಂತಿದ್ದರೆ ಆ ಸುಳಿವು ಅಲ್ಲೇ ಇರುತ್ತದೆ. ಮೂರನೇ ತರಗತಿಗೆ ನಲಿ-ಕಲಿ ಮುಗಿಯುತ್ತದೆ. ನಾಲ್ಕನೇ ತರಗತಿಯ ಶಿಕ್ಷಕರ ಕೈಗೆ ಮಗು ಬರುತ್ತದೆ, ಅದು ಎಲ್ಲಿ ಎಡವಿತ್ತೆಂಬ ವಿವರ ಬರುವುದಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಕಲಂ ಪ್ರಕಾರ, ಇಂಥ ನ್ಯೂನತೆಯನ್ನು ಆದಷ್ಟು ಬೇಗ ಪತ್ತೆ ಮಾಡಿ ಅದಕ್ಕೆ ತಕ್ಕಂತೆ ಕಲಿಸುವುದು ಶಿಕ್ಷಣ ಸಂಸ್ಥೆಗಳ ಹೊಣೆ. ತಜ್ಞರೂ ದೂರವಿಲ್ಲ, ಮೈಸೂರಿನ ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಆದರೆ ದಿನಗೂಲಿ ಬಿಟ್ಟು, ಎರಡು ಬಸ್ ಬದಲಿಸಿ ಅಲ್ಲಿಗೆ ಬರುವುದು ಹಾಡಿಯ ತಾಯಿಗೆ ಆಗದ ಮಾತು.

ಆದ್ದರಿಂದ ತಮ್ಮಲ್ಲಿ ಕೋರಿಕೆ ಇಷ್ಟೇ. ಮೂರನೇ ತರಗತಿಯ ಕೊನೆಗೆ ಏಣಿಯಲ್ಲಿ ಸಿಕ್ಕಿಕೊಂಡ ಮಕ್ಕಳ ಪಟ್ಟಿ ತಾಲ್ಲೂಕಿನ ಬಿಆರ್‌ಸಿಗೆ (ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ) ಹೋಗಲಿ. ಅಲ್ಲಿನ ವಿಶೇಷ ಶಿಕ್ಷಕರು ಶಾಲೆಗೆ ಬಂದು ಆ ಮಕ್ಕಳನ್ನು ನೋಡಲಿ. ತಪಾಸಣೆ ಬೇಕಾದವರಿಗೆ ಸಂಸ್ಥೆಯ ಜೊತೆ ಮಾತಾಡಿ ತಾಲ್ಲೂಕು ಕೇಂದ್ರದಲ್ಲೇ ಶಿಬಿರ ಮಾಡಿಸಿ. ದಸರಾ ರಜೆಗೆ ಮುಂಚೆ ಸುತ್ತೋಲೆ ಹೊರಟರೆ ಈ ವರ್ಷದ ಮಕ್ಕಳಿಗೇ ಅನುಕೂಲವಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ಹೆಗ್ಗಡದೇವನಕೋಟೆ ತಾಲ್ಲೂಕು